ಅತ್ತೆ ಎಂಬ ಹೆಂಗಸು

ಕುಂಬಳೆಯಲ್ಲಿ ರೈಲು ಹತ್ತುವಾಗಲೇ ಎಣಿಸಿದ್ದೆ:
ಧೃತಿ, ಮೋಕ್ಷಿತ್, ಪಕ್ಕದ ಮನೆಯ ಸಫ್ವಾನ್.
ಮೂರು ತಲೆ, ಆರು ಚಪ್ಪಲಿ,
ಒಂದು ಡಬ್ಬಿ ಅವಲಕ್ಕಿ.
ನನ್ನ ಹೊಲಿಗೆ ಅಂಗಡಿಗೆ ವರ್ಷಕ್ಕೊಂದೇ ದಿನ ಬೀಗ.

ಕ್ರಿಸ್‌ಮಸ್ ರಜೆಯ ಕೊನೆಯ ಭಾನುವಾರ.
ಬೋಗಿಯಲ್ಲಿ ನಿಂತವರ ಕಾಲ ಮೇಲೆ ನಿಂತವರು.
ಯಾರದೋ ಕಂಕುಳಲ್ಲಿ ಸಿಕ್ಕಿಕೊಂಡ ಗಾಳಿಯ ಬಾತುಕೋಳಿ
ಕಾಸರಗೋಡು ದಾಟುವವರೆಗೂ ನನ್ನನ್ನೇ ನೋಡುತ್ತಿತ್ತು.

ಬೇಕಲದಲ್ಲಿ ಇಳಿದದ್ದೇ ಶುರು, ಬೇಕು ಬೇಕು.
ಗಾಳಿಪಟ ಬೇಕು, ಒಂಟೆ ಬೇಕು,
ಉಪ್ಪುನೀರಿನ ನೆಲ್ಲಿಕಾಯಿ ಬೇಕು,
ಅದು ಬೇಡ, ಅನಾನಸು ಬೇಕು.
ಮೋಕ್ಷಿತನಿಗೆ ಉಚ್ಚೆಗೆ ಹೋಗಬೇಕು,
ಅದಕ್ಕೂ ಸಾಲು, ಅದಕ್ಕೂ ಚೀಟಿ.
"ಊರಿನ ಹೆಸರೇ ಹಾಗಲ್ಲವಾ ಅತ್ತೆ," ಅಂದಳು ಧೃತಿ,
"ಬೇಡಲ ಅಂತ ಇದ್ದಿದ್ದರೆ ನಾವು ಬರ್ತಲೇ ಇರಲಿಲ್ಲ."

ಕೋಟೆಯ ಟಿಕೆಟಿನ ಸಾಲು ರಸ್ತೆಗಿಳಿದು
ಕಾರುಗಳ ಸಾಲಿನಲ್ಲಿ ಬೆರೆತು
ಯಾವುದು ಮನುಷ್ಯರದು, ಯಾವುದು ಪೆಟ್ರೋಲಿನದು
ತಿಳಿಯದೆ ಕೋಟೆಯನ್ನು ಬಿಟ್ಟೆವು.
ಇಷ್ಟು ಕಾಲ ನಿಂತಿದೆ, ಇನ್ನೊಂದು ವರ್ಷ ನಿಲ್ಲಲಿ.

ದಂಡೆಯಲ್ಲಿ ನನಗೆ ಕಂಡದ್ದು ಕಡಲಲ್ಲ.
ಒದ್ದೆಯಾಗಿ ಕುಗ್ಗಿದ ಚೂಡಿದಾರ, ಬಿಚ್ಚಿದ ಅಂಚು,
ಸಿಕ್ಕಿಬಿದ್ದ ಜಿಪ್ಪಿನೊಡನೆ ಒದ್ದಾಡುವ ಗಂಡಸು,
ಮಂಗಳೂರಿನಿಂದ ಬಸ್ಸು ಮಾಡಿಕೊಂಡು ಬಂದ
ಒಂದೇ ಬಣ್ಣದ ಸೀರೆಯ ನಲವತ್ತು ಜನ,
ರವಿಕೆಯ ತೋಳು ಒಬ್ಬಳಿಗೂ ಸರಿಯಿಲ್ಲ.
ತೆರೆ ಮಾತ್ರ ನೀಟಾಗಿ ಮಡಚಿ ಬರುತ್ತಿತ್ತು,
ಇಸ್ತ್ರಿ ನಿಲ್ಲದೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು.

ಡಬ್ಬಿಯ ಮುಚ್ಚಳ ತೆಗೆದು ಎಣಿಸಿದೆ.
ಎರಡು.
ಮತ್ತೆ ಎಣಿಸಿದೆ. ಎರಡನ್ನು ಹೇಗೆ ಎಣಿಸಿದರೂ ಎರಡೇ.

ನೀಲಿ ಅಂಗಿ.
ಯೂನಿಫಾರ್ಮಿನ ಉಳಿಕೆ ಬಟ್ಟೆಯಲ್ಲಿ ನಾನೇ ಹೊಲಿದದ್ದು.
ನೀಲಿ ನೂಲು ಮುಗಿದು
ಎರಡನೆಯ ಗುಂಡಿಗೆ ಕಪ್ಪು ಹಾಕಿದ್ದೆ.
ಆವತ್ತು ದಂಡೆಯ ಮಕ್ಕಳೆಲ್ಲ ನೀಲಿ ಅಂಗಿಯಲ್ಲೇ ಬಂದಿದ್ದರು.
ಇಬ್ಬರ ಕೈಗೂ ನನ್ನ ಶಾಲು ಗಂಟು ಹಾಕಿ ಎಳೆದುಕೊಂಡು
ಗುಂಡಿ ಗುಂಡಿ ನೋಡುತ್ತ ಓಡಿದೆ,
ಬೇರೆಯವರ ಮಕ್ಕಳ ಎದೆಗೆ ಬಗ್ಗಿ ಬಗ್ಗಿ.
ಒಬ್ಬ ತಾಯಿ ಮಗನನ್ನು ಹಿಂದಕ್ಕೆ ಸೆಳೆದುಕೊಂಡಳು.
ಕಾವಲಿನವನು ನೀರಿನತ್ತ ಸೀಟಿ ಊದಿದಾಗೆಲ್ಲ
ಹೊಟ್ಟೆಯೊಳಗೆ ಒಂದೊಂದು ಸೂಜಿ ಮುರಿಯಿತು.

ಆಗ ಕಂಬದ ಮೇಲಿನ ಮೈಕು ಮಲಯಾಳದಲ್ಲಿ ಏನೋ ಹೇಳಿತು.
ನನ್ನ ಮಲಯಾಳ ಅಳತೆಗೆ ಸಾಕಾಗುವಷ್ಟು:
ಎದೆ, ಸೊಂಟ, ತೋಳು, ಉದ್ದ, ಬುಧವಾರ ಕೊಡುತ್ತೇನೆ.
ಇಷ್ಟರಲ್ಲಿ ಕಳೆದುಹೋದ ಮಗು ಎಲ್ಲೂ ಇರಲಿಲ್ಲ.
ಸಫ್ವಾನ್ ಕಿವಿ ಕೊಟ್ಟು ಕೇಳಿ ನಕ್ಕುಬಿಟ್ಟ:
"ಅಕ್ಕಾ, ಅತ್ತೆ ಎಂಬ ಹೆಸರಿನ ಹೆಂಗಸು
ಎಲ್ಲಿದ್ದರೂ ಪೊಲೀಸರ ಟೆಂಟಿಗೆ ಬರಬೇಕಂತೆ."

ಹೋದೆ. ಆ ಹೆಸರು ನನ್ನದೇ ಎಂದು ಸಹಿ ಹಾಕಿದೆ.
ಬೆಂಚಿನ ಮೇಲೆ ಕಾಲು ಆಡಿಸುತ್ತ
ಪೊಲೀಸಮ್ಮ ಕೊಟ್ಟ ಬಾಳೆಕಾಯಿ ಚಿಪ್ಸು ಕಡಿಯುತ್ತಿದ್ದ.
"ಯಾರೊಟ್ಟಿಗೆ ಬಂದೆ ಅಂತ ಕೇಳಿದರು. ಹೇಳಿದೆ.
ಹೆಸರು ಕೇಳಿದರು. ಅದನ್ನೇ ಹೇಳಿದೆ."
ಮತ್ತೇನು ಹೇಳಿಯಾನು?
ಅಂಗಡಿಯ ಬೋರ್ಡಿನಲ್ಲಿ ಜಲಜಾಕ್ಷಿ ಎಂದು
ಎರಡು ಭಾಷೆಯಲ್ಲಿ ಬರೆಸಿದ್ದೇನೆ.
ಅವನಿಗಿನ್ನೂ ಎರಡೂ ಓದಲು ಬರುವುದಿಲ್ಲ.
ಮನೆಯಲ್ಲಿ ಆ ಹೆಸರು ಹಿಡಿದು ಕರೆಯುವವರು
ಈಗ ಯಾರಿದ್ದಾರೆ?

ಸಂಜೆಯ ರೈಲಿನಲ್ಲಿ ಮಡಿಲಿಗೆ ಒದ್ದೆ ತಲೆಯಿಟ್ಟು
"ಅತ್ತೆ, ನೀನು ಅತ್ತೆಯಾ?" ಅಂದ.
ಎದುರಿನ ಮಲಯಾಳಿ ಮುದುಕ,
ಹುಡುಗ ಒಂದೇ ಮಾತನ್ನು ಎರಡು ಸಲ ಹೇಳಿದನೆಂದು
ನನ್ನ ಮುಖ ನೋಡಿದ.
"ಇಲ್ಲ, ಉಪ್ಪುಗಾಳಿ," ಎಂದೆ.
ಅಂಗಿಯ ಎರಡನೆಯ ಗುಂಡಿ ಕಿತ್ತುಹೋಗಿತ್ತು.
ಯಾವಾಗಲೋ, ಬಹುಶಃ ಬೆಳಿಗ್ಗೆಯೇ.
ಕಪ್ಪು ನೂಲಿನ ಎರಡು ಎಳೆ ಮಾತ್ರ ನಿಂತಿದ್ದವು.

ಕುಂಬಳೆಯಲ್ಲಿ ದೀಪದ ಕೆಳಗೆ ನಿಲ್ಲಿಸಿ ಎಣಿಸಿದೆ:
ಮೂರು ತಲೆ, ಐದು ಚಪ್ಪಲಿ.
ಸರಿಯಿದೆ, ನಡೆಯಿರಿ ಎಂದೆ.